ಕಬ್ಬಿಣದ ಬಯಕೆ

ನಮ್ಮ ಬೀದಿಯಲ್ಲಿ ಹೆಂಗಸೊಬ್ಬಳು ಬಸುರಾದರೆ ಮೊದಲು ಗೊತ್ತಾಗುವುದು ಅವಳಿಗಲ್ಲ, ಹಾಲಿನ ಮಾದಯ್ಯನಿಗೆ. ಬೆಳಗ್ಗೆ ಅವನು ಬೀದಿಯ ತುದಿಯ ಗಡಿಕಲ್ಲು ದಾಟಿ ಸೈಕಲ್ಲನ್ನು ಒಳಗೆ ತಂದ ಕೂಡಲೇ ಬಾಯೊಳಗೆ ಒಂದು ರುಚಿ ಬಂದು ಕೂರುತ್ತದೆ. ಹುಣಸೆಕಾಯಿಯೋ, ಮಳೆ ಬಿದ್ದ ಮಣ್ಣೋ, ಸೀದ ಹಪ್ಪಳವೋ. ಅವನು ಬ್ರೇಕ್ ಹಿಡಿದು, ನಾಲಿಗೆ ಚಪ್ಪರಿಸಿ, "ಯಾರವ್ವಾ ಈ ಸಲ?" ಎಂದು ಕೂಗುತ್ತಾನೆ. ಅಷ್ಟರಲ್ಲಿ ಬೀದಿಯವರೆಲ್ಲ ಎದ್ದು, ಅದೇ ರುಚಿಯನ್ನು ತಂತಮ್ಮ ಬಾಯಲ್ಲಿ ಹೊರಳಿಸುತ್ತ ಬಾಗಿಲಿಗೆ ಬಂದಿರುತ್ತಾರೆ. ಬಸುರಿಯ ಬಯಕೆ ಬೀದಿಯ ಬಾಯಿಗೆ. ಗಡಿಕಲ್ಲಿನ ಆಚೆ ಕಾಲಿಟ್ಟರೆ ಬಾಯಿ ತೊಳೆದ ಹಾಗೆ ಖಾಲಿ, ಈಚೆ ಬಂದರೆ ಮತ್ತೆ ಹಾಜರು. ಊರಿನ ಪ್ರತಿ ಬೀದಿಗೂ ಅದರದೇ ಗಡಿಕಲ್ಲು, ಅದರದೇ ಬಾಯಿ.

ಇದಕ್ಕೆ ನಾವು ಒಗ್ಗಿಹೋಗಿದ್ದೇವೆ. ಜಯಶೀಲ ಟೀಚರ್ ಬಸುರಾದಾಗ ಬಳಪದ ರುಚಿ ಬಂತು. ಮಕ್ಕಳು ಬರೆಯುವುದಕ್ಕಿಂತ ತಿಂದದ್ದೇ ಹೆಚ್ಚು, ಅಂಗಡಿಯಲ್ಲಿ ಬಳಪದ ಡಬ್ಬಿಯೇ ಖಾಲಿ. ಇನ್ನೊಬ್ಬರದು ಸೀಮೆಎಣ್ಣೆ. ಆ ಸಮಯದಲ್ಲಿ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಬಾಯಿಗಿಟ್ಟು, ಮುಖ ಮುಖ ನೋಡಿಕೊಂಡು, ಎದ್ದೇ ಹೋದರು. ಹಾಗಲಕಾಯಿಯ ಕಾಲದಲ್ಲಿ ಗಂಡಸರೆಲ್ಲ ತಟ್ಟೆ ಹಿಡಿದುಕೊಂಡು ಗಡಿಕಲ್ಲಿನ ಆಚೆ ಹೋಗಿ ಕೂತು ಉಣ್ಣುತ್ತಿದ್ದರು. ಯಾರೂ ಬೈದುಕೊಂಡವರಲ್ಲ. ಒಂದು ಜೀವ ಬರುತ್ತಿದೆಯಲ್ಲ, ಬಾಯಿ ಕಹಿಯಾದರೇನು.

ರುಚಿಗೆ ಹೆಸರು ಇಡುವುದು ನನ್ನ ಸೋದರತ್ತೆ ದೇವೀರಮ್ಮ. ಬೆಳಗ್ಗೆ ನಲ್ಲಿ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, "ಇದು ಹುಳಿಯಲ್ಲ, ಹುಳಿ ಮೊಸರು. ಮೂಲೆಮನೆ ಸೊಸೆದು" ಎನ್ನುತ್ತಾಳೆ. ಅತ್ತೆ ಹೇಳಿದ ಮೇಲೆ ಮುಗಿಯಿತು, ಸೆನ್ಸಾರ್ ಸರ್ಟಿಫಿಕೇಟ್ ಬಂದ ಹಾಗೆ. ಆಮೇಲೆ ಮನೆಮನೆಯಿಂದ ಬಯಕೆ ತಟ್ಟೆ ಹೊರಡುತ್ತದೆ. ತಟ್ಟೆಯನ್ನು ಹೊಸ್ತಿಲಿನ ಮೇಲೆ ಗಂಡನ ಕೈಗೆ ಕೊಡಬೇಕು. ಗಂಡ ಒಳಗೆ ಒಯ್ದು ಹೆಂಡತಿಗೆ ತಿನ್ನಿಸಬೇಕು. ಅದು ಪದ್ಧತಿ.

ನನ್ನ ಹೆಸರು ಕೆಂಪರಾಜು. ಬೀದಿಯಲ್ಲಿ ಕರೆಯುವುದು ಕಟೌಟ್ ಕೆಂಪ. ಟಾಕೀಸಿಗೆ ಪೋಸ್ಟರ್ ಅಂಟಿಸುವುದು, ಹೀರೋನ ಕಟೌಟ್ ನಿಲ್ಲಿಸುವುದು ನನ್ನ ಕಸುಬು. ಅತ್ತೆಯ ಹಿತ್ತಲಲ್ಲಿ ಮೈದಾ ಗೋಂದು ಕುದಿಸುತ್ತೇನೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು ಅತ್ತೆ ಮತ್ತು ಸಿದ್ದಲಿಂಗು ಮಾವ. ಮಾವ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ರೀಲು ತಿರುಗುವ ಸದ್ದಿನ ನಡುವೆ, ಹೀರೋ ಬಾಯಿ ಬಿಡುವುದಕ್ಕೆ ಮೊದಲೇ ಡೈಲಾಗ್ ಹೇಳಿಬಿಡುತ್ತಿದ್ದ. ನನಗೆ ಬರುವ ಡೈಲಾಗುಗಳೆಲ್ಲ ಅವನ ದನಿಯಲ್ಲೇ ಬರುತ್ತವೆ. ಹಾರ ಹಾಕಿದ ಅವನ ಫೋಟೋಕ್ಕೆ ದಿನಾ ಸಲಾಂ ಹೊಡೆದೇ ನಾನು ಏಣಿ ಹೆಗಲಿಗೇರಿಸುತ್ತಿದ್ದದ್ದು.

ನಮ್ಮ ಎದುರು ಮನೆಗೆ ಹೋದ ವರ್ಷ ಉಮಾಪತಣ್ಣ ಮತ್ತು ರತ್ನಮಾಲಕ್ಕ ಬಾಡಿಗೆಗೆ ಬಂದರು. ಬೇರೆ ಊರಿನವರು. ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವರು, ಹಾಗಾಗಿ ಅಕ್ಕನ ತವರಿನಿಂದ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಉಮಾಪತಣ್ಣ ಅಕ್ಕಿ ಗಿರಣಿಯಲ್ಲಿ ತೂಕ ನೋಡುತ್ತಿದ್ದ. ಗಿರಣಿ ಬಾಗಿಲು ಹಾಕಿದ ಮೇಲೆ ಮನೆಯಲ್ಲೇ ಇದ್ದ. ಅಕ್ಕ ರವಿಕೆ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಆದರೂ ಬೀದಿಗೆ ಉಮಾಪತಣ್ಣ ಅಂದರೆ ಅಷ್ಟು ಪ್ರೀತಿ. ಕುಡಿಯುವುದಿಲ್ಲ, ಬೀಡಿಯಿಲ್ಲ, ಹೆಂಗಸರ ಎದುರು ತಲೆ ಎತ್ತಿ ಮಾತಾಡುವವನಲ್ಲ. ಹೆಂಡತಿಗೆ ಭಾರವಾಗಬಾರದೆಂದು ನೀರು ಕೂಡ ತಾನೇ ಹಿಡಿಯುತ್ತಿದ್ದ. "ಗಂಡ ಅಂದ್ರೆ ಹಂಗಿರ್ಬೇಕು, ನೋಡಿ ಕಲ್ತ್ಕೊಳ್ಳಿ" ಎಂದು ಹೆಂಗಸರು ತಂತಮ್ಮ ಗಂಡಂದಿರಿಗೆ ಹೇಳುತ್ತಿದ್ದರು. ಹೆಂಡತಿ ನಲ್ಲಿಗೆ ಬರುವುದೇ ಇಲ್ಲವಲ್ಲ, ಯಾರ ಜೊತೆಗೂ ಒಂದು ಮಾತಾಡುವುದಿಲ್ಲವಲ್ಲ ಎಂದು ಯಾರೂ ಯೋಚಿಸಲಿಲ್ಲ.

ಒಂದು ಬೆಳಗ್ಗೆ ಹಸಿ ಶುಂಠಿಯ ರುಚಿ ಬಂತು. ಅತ್ತೆ ಕಣ್ಣು ಮುಚ್ಚಿ, "ಎದುರು ಮನೇದು" ಅಂದಳು. ನೀರಿಗೆ ಬಂದ ಉಮಾಪತಣ್ಣನ ಕೈ ಕುಲುಕಿದ್ದು ಮಾದಯ್ಯ. "ಸಿಹಿ ಯಾವಾಗ ಸ್ವಾಮಿ?" ಅಂದ.

"ಯಾವ ಸಿಹಿ?"

"ಅಯ್ಯೋ, ಮನೇಲಿ ಹೇಳಿಲ್ವಾ? ಅವರಿಗೂ ಇನ್ನೂ ಗೊತ್ತಿರಲ್ಲ ಬಿಡಿ. ಶುಂಠಿ ಬಂದಿದೆ, ಬಾಯಲ್ಲಿ."

ನಾವೆಲ್ಲ ಸೇರಿ ಬೀದಿಯ ವಿಷಯ ಬಿಡಿಸಿ ಹೇಳಿದೆವು. ಅವನು ಕೊಡ ಕೆಳಗಿಟ್ಟು ಕೇಳಿಸಿಕೊಂಡ. ನಾಲಿಗೆಯನ್ನು ಒಮ್ಮೆ ಬಾಯೊಳಗೆ ಆಡಿಸಿದ. "ಅಂದ್ರೆ, ಅವಳ ಬಾಯಲ್ಲಿರೋದು ನಿಮ್ಮೆಲ್ರ ಬಾಯಲ್ಲೂ ಇರುತ್ತಾ? ಗಂಡಸರ ಬಾಯಲ್ಲೂ?"

"ಗಂಡಸರ ಬಾಯಲ್ಲೂ ಕಣಣ್ಣ. ಇದು ಲೇಡೀಸ್ ಶೋ ಅಲ್ಲ, ಫ್ಯಾಮಿಲಿ ಪಿಕ್ಚರ್, ಹೌಸ್‌ಫುಲ್" ಅಂದೆ ನಾನು. ಎಲ್ಲರೂ ನಕ್ಕರು. ಅವನೂ ನಕ್ಕ. "ನನಗಿಂತ ಮೊದ್ಲು ಹಾಲಿನವನಿಗೆ ಗೊತ್ತು" ಎಂದು ನಗುತ್ತಲೇ ಕೊಡ ಎತ್ತಿಕೊಂಡು ಹೋದ. ಆವತ್ತು ಕೊಡದಲ್ಲಿ ನೀರು ಅರ್ಧ ಕೂಡ ತುಂಬಿರಲಿಲ್ಲ.

ಶುಂಠಿ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಗ್ಗೆ ಬೀದಿಯ ಬಾಯಲ್ಲಿ ಬೇರೆಯದೇ ಒಂದು ರುಚಿ. ಹಳೆಯ ಮೊಳೆಯನ್ನು ನಾಲಿಗೆಯ ಮೇಲೆ ಇಟ್ಟ ಹಾಗೆ, ತಣ್ಣಗೆ, ಹಲ್ಲಿನ ಸಂದಿಯಲ್ಲೆಲ್ಲ ಹರಿಯುವಂಥದ್ದು. ಮಕ್ಕಳು ಉಗಿದು ಉಗಿದು ಬೀದಿ ಒದ್ದೆ ಮಾಡಿದರು. ಅತ್ತೆ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕಣ್ಣು ಮುಚ್ಚಿದ್ದಳು.

"ಏನು ದೇವೀರಮ್ಮ?"

"ಕಬ್ಬಿಣ" ಅಂದಳು.

ವಯಸ್ಸಾದವರಿಗೆಲ್ಲ ಅದು ಗೊತ್ತಿದ್ದ ಹೆಸರೇ. ಕಬ್ಬಿಣದ ಬಯಕೆ ನಮ್ಮ ಊರಿನಲ್ಲಿ ಹಿಂದಿನಿಂದಲೂ ಇದೆ, ಕೆಲವು ಬಸುರಿಯರಿಗೆ ಬರುತ್ತದೆ. ಅದಕ್ಕೆಂದೇ ಒಂದು ತಟ್ಟೆ: ನುಗ್ಗೆಸೊಪ್ಪಿನ ಪಲ್ಯ, ಕರಿ ಎಳ್ಳಿನ ಉಂಡೆ, ಅಚ್ಚು ಬೆಲ್ಲ. ಮಾಂಸ ತಿನ್ನುವವರ ಮನೆಯಾದರೆ ಕುರಿಯ ಈಲಿ. "ರಕ್ತ ಕಮ್ಮಿ ಆಗೈತೆ ಪಾಪ, ಮೈ ಕೇಳ್ತೈತೆ" ಎಂದು ಮಾದಯ್ಯನ ಹೆಂಡತಿ ಆವತ್ತೇ ಮರ ಹತ್ತಿಸಿ ಸೊಪ್ಪು ಕೀಳಿಸಿದಳು. ಸಂಜೆಯ ಹೊತ್ತಿಗೆ ಎದುರು ಮನೆಯ ಹೊಸ್ತಿಲಲ್ಲಿ ತಟ್ಟೆಗಳ ಸಾಲು. ಉಮಾಪತಣ್ಣ ಒಂದೊಂದನ್ನೂ ಎರಡು ಕೈಯಲ್ಲಿ ತಗೊಂಡು, "ನಿಮ್ಮ ಋಣ ಹೆಂಗೆ ತೀರಿಸ್ಲಿ" ಅನ್ನುತ್ತಿದ್ದ.

ಕಬ್ಬಿಣ ದಿನಾ ಬರುತ್ತಿರಲಿಲ್ಲ. ಬಂದಾಗ ಜೋರಾಗಿ ಬರುತ್ತಿತ್ತು, ಬರಬರುತ್ತ ಸಪ್ಪೆಯಾಗಿ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬಂದ ದಿನ ಉಮಾಪತಣ್ಣನೂ ನಲ್ಲಿಯ ಹತ್ತಿರ ನಮ್ಮ ಜೊತೆ ಬಾಯಿ ಚಪ್ಪರಿಸುತ್ತಿದ್ದ. ಅವನೂ ಬೀದಿಯವನೇ ತಾನೆ, ಅವನ ಬಾಯಿಗೂ ಬರುತ್ತಿತ್ತು. ಒಂದು ಸಲ ನನ್ನ ಕಡೆ ತಿರುಗಿ, "ಇವತ್ತು ಸ್ವಲ್ಪ ಜಾಸ್ತೀನೇ ಇದೆ ಅಲ್ವೇನೋ ಕೆಂಪ?" ಎಂದು ಕೇಳಿದ. "ಡಬಲ್ ಆ್ಯಕ್ಷನ್ ಕಣಣ್ಣ" ಅಂದೆ. ಭುಜ ತಟ್ಟಿ ಹೋದ.

ಬೀದಿ ಸೊಪ್ಪು ಬೇಯಿಸುವಾಗ ನಾನು ಸುಮ್ಮನಿರುತ್ತೇನೆಯೆ? ಜಟಕಾ ಕುದುರೆಯ ಒಂದು ಹಳೆಯ ಲಾಳ ಟಾಕೀಸಿನ ಹಿಂದೆ ಬಿದ್ದಿತ್ತು. ಉಜ್ಜಿ ತೊಳೆದು, ವೀಳ್ಯದೆಲೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಹಿಡಿದುಕೊಂಡು ಎದುರು ಮನೆಯ ಬಾಗಿಲಲ್ಲಿ ನಿಂತೆ. ಮಾವನ ದನಿ ತೆಗೆದು, "ತಾಯಿ, ಸೊಪ್ಪು ತಿಂದು ಬೆಳೆದ ಮಗ ಸೊಪ್ಪಾಗ್ತಾನೆ. ಲಾಳ ತಿಂದು ಬೆಳೆದ ಮಗ ಊರನ್ನೇ ಕುಣಿಸ್ತಾನೆ" ಎಂದು ಕೂಗಿದೆ. ಉಮಾಪತಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಏ, ನೋಡ್ಬಾ ಇಲ್ಲಿ, ನಿನಗೆ ಲಾಳ ತಂದವ್ನೆ" ಎಂದು ಒಳಗೆ ಕೂಗಿ, ತಟ್ಟೆ ತಗೊಂಡು ಹೋದ. ಒಳಗಿನಿಂದ ನಗು ಕೇಳಿಸಲಿಲ್ಲ. ನನ್ನ ಕಾಮಿಡಿಗೆ ಯಾರಾದರೂ ನಗದಿದ್ದರೆ ನನಗೆ ತುಸು ಬೇಜಾರು. ಅಷ್ಟೇ ಅಂದುಕೊಂಡೆ.

ಆಮೇಲೆ ಹೊಸ ಪಿಕ್ಚರ್ ಬಂತು. ಟಾಕೀಸಿನ ಮುಂದೆ ಮೂರಾಳೆತ್ತರದ ಕಟೌಟ್. ಹೀರೋ ಒಂದು ಕೈಯಲ್ಲಿ ಸರಪಳಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ತುಟಿಯಂಚಿನ ರಕ್ತ ಒರೆಸಿಕೊಳ್ಳುತ್ತಿದ್ದಾನೆ. ಹೀರೋ ತುಟಿ ಒರೆಸಿಕೊಂಡ ಅಂದರೆ ಇನ್ನು ಫೈಟ್ ಗ್ಯಾರಂಟಿ, ಗಾಂಧಿ ಕ್ಲಾಸಿನವರು ಸೀಟಿನ ಮೇಲೆ ನಿಲ್ಲುತ್ತಾರೆ. ನಾನು ಬೊಂಬಿನ ಮೇಲೆ ಹತ್ತಿ ಆ ರಕ್ತಕ್ಕೆ ಕೆಂಪು ಬಣ್ಣ ಕೊಡುತ್ತಿದ್ದೆ. ಕೆಳಗೆ ಹುಡುಗರು ಸೇರಿದ್ದರು. ಅವರಿಗೆ ತೋರಿಸಲೆಂದು ಒಂದು ಕೈ ಬಿಟ್ಟು, ಹೀರೋನ ಹಾಗೇ ಹೆಬ್ಬೆರಳು ತುಟಿಗೆ ತಂದೆ. ಹಗ್ಗ ಜಾರಿತು. ಬೊಂಬು ಬಂದು ಬಾಯಿಗೆ ಬಡಿಯಿತು. ಕಟೌಟಿನ ಸೊಂಟಕ್ಕೆ ಜೋತುಬಿದ್ದುದರಿಂದ ಜೀವ ಉಳಿಯಿತು.

ಕೆಳಗಿಳಿದು ಕೂತೆ. ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದರು. ನನ್ನ ಬಾಯಲ್ಲಿ ಕಬ್ಬಿಣ. ಅದೇ. ತಣ್ಣಗೆ, ಮೊಳೆಯ ಹಾಗೆ, ಹಲ್ಲಿನ ಸಂದಿಯಲ್ಲೆಲ್ಲ. ಮೊದಲು ಬಂದ ಯೋಚನೆ ಇದು. ಅಯ್ಯೋ, ಗಡಿಕಲ್ಲು ದಾಟಿ ಇಷ್ಟು ದೂರ ಬಂದಿದ್ದೀನಲ್ಲ, ರತ್ನಮಾಲಕ್ಕನ ಬಯಕೆ ಇಲ್ಲಿಯವರೆಗೂ ಬಂತೇ ಅಂದುಕೊಂಡೆ. ಅಂದುಕೊಂಡು ಉಗಿದೆ. ಉಗಿದದ್ದು ಕೆಂಪಗಿತ್ತು.

ಮಣ್ಣಿನ ಮೇಲಿನ ಆ ಕೆಂಪು ಉಗುಳನ್ನೇ ನೋಡುತ್ತ ಕೂತೆ. ನಮ್ಮ ಬಾಯಿಗೆ ಬರುವುದು ಬಸುರಿಗೆ ಬೇಕಾದದ್ದು ಮಾತ್ರ ಎಂದು ಯಾರು ಹೇಳಿದ್ದರು? ಅವಳ ಬಾಯಲ್ಲಿ ಇರುವುದೂ ಬರಬಹುದಲ್ಲ. ಇಷ್ಟು ದಿನ ಬೀದಿಗೆ ಬೀದಿಯೇ ಒಬ್ಬ ಹೆಂಗಸಿನ ರಕ್ತವನ್ನು ಬಾಯಲ್ಲಿಟ್ಟುಕೊಂಡು, ಚಪ್ಪರಿಸಿ, ಅವಳಿಗೆ ಸೊಪ್ಪು ಬೇಯಿಸಿ ಕಳಿಸುತ್ತಿತ್ತು. ನಾನು ಲಾಳ ಕಳಿಸಿದ್ದೆ. ಜಾಸ್ತೀನೇ ಇದೆ ಅಲ್ವೇನೋ ಎಂದು ಅವನು ನನ್ನನ್ನೇ ಕೇಳಿದ್ದ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ನನ್ನ ಊದಿದ ತುಟಿ ನೋಡಿ, "ಎಲ್ಲಿ ಬಿದ್ದೆ?" ಅಂದಳು.

"ಅತ್ತೆ, ಅದು ಕಬ್ಬಿಣ ಅಲ್ಲ."

ಅತ್ತೆಯ ಕೈ ನಿಲ್ಲಲಿಲ್ಲ. ಕಡ್ಡಿಯಿಂದ ಎಲೆ ಸರಸರ ಇಳಿಯುತ್ತಲೇ ಇತ್ತು. "ಗೊತ್ತು" ಅಂದಳು.

ನಾನು ಅವಳ ಎದುರು ಕೂತೆ.

"ನಂಗೂ ತಂದುಕೊಟ್ಟಿದ್ರು. ಇದೇ ಸೊಪ್ಪು, ಇದೇ ಎಳ್ಳುಂಡೆ. ನಮ್ಮತ್ತೆನೇ ಆವಾಗ ಕಟ್ಟೆ ಮೇಲೆ ಕೂರ್ತಿದ್ದೋರು. ಕಬ್ಬಿಣ ಅಂತ ಅವರೇ ಅಂದ್ರು."

"ನಿಂಗೆ ಯಾರು..." ಎಂದು ಶುರು ಮಾಡಿದವನು ಮುಗಿಸಲಿಲ್ಲ. ಜಗಲಿಯಿಂದ ನಡುಮನೆಯ ಗೋಡೆ ಕಾಣುತ್ತಿತ್ತು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ.

"ಮುಂಚೆ ಅಷ್ಟಿರ್ಲಿಲ್ಲ. ಒಂದೋ ಎರಡೋ ಏಟು, ಅದು ಯಾರ ಮನೇಲಿಲ್ಲ ಅಂತ ಸುಮ್ಮನಿದ್ದೆ. ಹೊಟ್ಟೆ ಕಾಣಿಸ್ಕೊಂಡ ಮೇಲೆ ಜೋರಾಯ್ತು. ಟಾಕೀಸು ಮುಚ್ಚಿತ್ತು ಆವಾಗ, ನಾನು ಇಡ್ಲಿ ಮಾರ್ತಿದ್ದೆ. ಹೆಂಡ್ತಿ ಕಾಸಲ್ಲಿ ಉಣ್ಣಬೇಕಲ್ಲ ಅಂತ ಒಂದು. ಮಗು ನಂದೇನಾ ಅಂತ ಇನ್ನೊಂದು. ಅವ್ನ ಅಪ್ಪನೂ ಹಂಗೇ ಅಂತೆ, ನಮ್ಮತ್ತೆನ ಹಂಗೇ ಹೊಡೀತಿದ್ದನಂತೆ. ಕಾಲು ಎತ್ತಿದ್ದ ಒಂದಿನ. ಆಮೇಲೆ ಮಗು ಅಲ್ಲಾಡ್ಲಿಲ್ಲ."

ಮಾವನನ್ನು ಅತ್ತೆ ಏಕವಚನದಲ್ಲಿ ಅಂದದ್ದು ಆವತ್ತೇ ಮೊದಲು. ನನಗೆ ಕಂಡದ್ದು ರೀಲು ತಿರುಗಿಸುತ್ತಿದ್ದ ಆ ಕೈ. ನನ್ನ ತಲೆ ನೇವರಿಸುತ್ತಿದ್ದ ಕೈಯೂ ಅದೇ.

"ಯಾರಿಗಾದ್ರೂ ಹೇಳ್ಬಾರ್ದಿತ್ತಾ ಅತ್ತೆ?"

"ಯಾರಿಗೆ ಹೇಳ್ಲೋ? ಎಲ್ರ ಬಾಯಲ್ಲೂ ಇತ್ತಲ್ಲ. ಬಾಯಲ್ಲೇ ಇರೋದನ್ನ ಇನ್ನೇನಂತ ಹೇಳೋದು." ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಹೆಸರು ಒಂದು ಇದ್ದುಬಿಟ್ರೆ ಯಾರ್ಗೂ ಕಷ್ಟ ಇಲ್ಲ ನೋಡು. ಪ್ರತಿ ಸಲ ಕಬ್ಬಿಣ ಅನ್ನುವಾಗ, ಇವಳಿಗೆ ನಿಜವಾಗ್ಲೂ ಕಬ್ಬಿಣವೇ ಬೇಕಾಗಿರಬಹುದು ಅಂದ್ಕೋತೀನಿ. ಅಂದ್ಕೊಂಡು ಎದ್ದು ಬರ್ತೀನಿ."



ಮರುದಿನ ಕಾಫಿಗೆ ಮೊದಲೇ ರುಚಿ ಬಂತು. ಹಿಂದೆ ಎಂದೂ ಹಾಗೆ ಬಂದಿರಲಿಲ್ಲ, ಬಾಯಿ ತುಂಬ, ಗಂಟಲಿಗೆ ಇಳಿಯುವಷ್ಟು. ನಲ್ಲಿಯ ಹತ್ತಿರ ಎಲ್ಲರೂ ಮುಖ ಸಿಂಡರಿಸಿಕೊಂಡು ನಿಂತಿದ್ದರು. ಉಮಾಪತಿ ಕೊಡಕ್ಕೆ ನೀರು ಬಿಟ್ಟು ಪಕ್ಕದಲ್ಲಿ ನಿಂತಿದ್ದ. ಅತ್ತೆ ಕಟ್ಟೆ ಹತ್ತಿ ಕೂತಳು. ಕಣ್ಣು ಮುಚ್ಚಲಿಲ್ಲ.

"ಕಬ್ಬಿಣ ತಾನೆ ದೇವೀರಮ್ಮ? ಸೊಪ್ಪು ತರಿಸ್ಲಾ?" ಮಾದಯ್ಯನ ಹೆಂಡತಿ ಕೇಳಿದಳು.

"ಒಂದು ಕೆಲಸ ಮಾಡಿ" ಅಂದಳು ಅತ್ತೆ. "ಎಲ್ರೂ ನಿಮ್ಮ ನಿಮ್ಮ ತುಟಿ ಒಳಗಡೆ ಒಂದ್ಸಲ ಕಚ್ಚಿಕೊಳ್ಳಿ. ರಕ್ತ ಬರೋ ಹಂಗೆ. ಬಾಯಲ್ಲಿರೋ ರುಚಿ ಬದಲಾದ್ರೆ ಬಂದು ನನಗೆ ಹೇಳಿ."

ಕೆಲವರು ನಕ್ಕರು. ಅತ್ತೆ ನಗಲಿಲ್ಲ. ಮೊದಲು ಕಚ್ಚಿಕೊಂಡದ್ದು ಜಯಶೀಲ ಟೀಚರ್. ಕಚ್ಚಿಕೊಂಡು, ಕೈಯಲ್ಲಿದ್ದ ಬಿಂದಿಗೆಯನ್ನು ಕೆಳಗಿಟ್ಟರು. ಮಾದಯ್ಯ ಕಚ್ಚಿಕೊಂಡ, ನಾಲಿಗೆ ಆಡಿಸಿದ, ಇನ್ನೊಂದು ಸಲ ಕಚ್ಚಿಕೊಂಡ. ಹೆಂಗಸರು ಕಚ್ಚಿಕೊಂಡರು. ಮಕ್ಕಳು ಆಟವೆಂದುಕೊಂಡು ಕಚ್ಚಿಕೊಂಡವು. ರುಚಿ ಬದಲಾಯಿತು ಎಂದು ಒಬ್ಬರೂ ಹೇಳಲಿಲ್ಲ. ನಲ್ಲಿಯ ನೀರು ಕೊಡ ತುಂಬಿ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ಒಬ್ಬೊಬ್ಬರೇ ತಲೆ ಎತ್ತಿ ಆ ಕೊಡ ಯಾರದೆಂದು ನೋಡಿದರು. ಉಮಾಪತಿ ಮಾತ್ರ ತುಟಿ ಕಚ್ಚಿಕೊಂಡಿರಲಿಲ್ಲ. ಅವನು ಪರೀಕ್ಷೆ ಮಾಡಿ ನೋಡುವಂಥದ್ದು ಏನೂ ಇರಲಿಲ್ಲ.

"ಬಚ್ಚಲಲ್ಲಿ ಜಾರಿದ್ಲು" ಅಂದ.

"ದಿನಾ ಜಾರ್ತಾಳಾ?" ಅತ್ತೆ ಕೇಳಿದಳು.

"ನೋಡಿ, ಇದು ಗಂಡ ಹೆಂಡ್ತಿ ವಿಷ್ಯ. ನಿಮಗೆ ಸಂಬಂಧ ಇಲ್ಲ."

ಮಾದಯ್ಯ ಹಾಲಿನ ಕ್ಯಾನ್ ಕೆಳಗಿಟ್ಟ. ಕೆಳಗಿಡುವಾಗ ಸದ್ದಾಗಲಿಲ್ಲ. "ನಮ್ಮ ಬಾಯಿಗೆ ಬಂದ್ಮೇಲೆ ನಮ್ಮ ವಿಷ್ಯಾನೇ ಸ್ವಾಮಿ" ಅಂದ.

ಉಮಾಪತಿಯ ಸೊಂಟದಲ್ಲಿ ಬೀಗದ ಕೈ ಇತ್ತು. ಹೊರಗಿನಿಂದ ಬೀಗ ಹಾಕಿಕೊಂಡು ನೀರಿಗೆ ಬರುತ್ತಿದ್ದ. ಅಷ್ಟು ದಿನ ನಾವು ಅದನ್ನೂ ನೋಡಿದ್ದೆವು, ಜಾಗ್ರತೆಯ ಮನುಷ್ಯ ಅಂದುಕೊಂಡಿದ್ದೆವು. ನಾನು ಅವನ ಮುಂದೆ ಹೋಗಿ ನಿಂತೆ. ಸಾವಿರ ಸಲ ಕನ್ನಡಿಯ ಮುಂದೆ ಇದೇ ಸೀನು ಮಾಡಿದ್ದೇನೆ. ಕತ್ತು ಓರೆ ಮಾಡಿ, ದನಿ ಇಳಿಸಿ, ಒಂದು ಮಾತಿಗೆ ಟಾಕೀಸೇ ಎದ್ದು ನಿಲ್ಲಬೇಕು. ಬಾಯಿ ತೆಗೆದರೆ ಮಾವನ ದನಿ ಬಂದೀತೆಂದು ಹೆದರಿಕೆಯಾಯಿತು. "ಕೀ ಕೊಡು" ಅಂದೆ. ಅಷ್ಟೇ ಬಂತು, ಒಡೆದ ತುಟಿಯಲ್ಲಿ, ತೊದಲಿಕೊಂಡು. ಅಣ್ಣ ಅನ್ನುವುದು ಬಾಯಿಗೆ ಬರಲಿಲ್ಲ.

ಅವನು ಕೊಡಲಿಲ್ಲ. ಸುತ್ತ ನೋಡಿದ. ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದಿದ್ದರು, ಬಾಯಲ್ಲಿ ಅವನ ಹೆಂಡತಿಯ ರಕ್ತ ಇಟ್ಟುಕೊಂಡು, ಉಗಿಯದೆ, ನುಂಗದೆ. ಯಾರೂ ಬೈಯಲಿಲ್ಲ. ಅವನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

ಬಾಗಿಲು ತೆಗೆದವಳು ಅತ್ತೆ. ಹೊಸ್ತಿಲು ದಾಟದೆ ನಿಂತು, "ಬಾ ಮಗಾ" ಅಂದಳು. ರತ್ನಮಾಲಕ್ಕ ಗೋಡೆ ಹಿಡಿದುಕೊಂಡು ಬಂದಳು. ಅವಳ ಮುಖವನ್ನು ನಾನು ವರ್ಣಿಸುವುದಿಲ್ಲ. ಪಿಕ್ಚರಿನಲ್ಲಿ ತುಟಿಯಂಚಿಗೆ ಒಂದು ಹನಿ ಕೆಂಪು ಬಣ್ಣ ಹಚ್ಚುತ್ತಾರೆ, ಅದು ಅದಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಏನೋ ಹಿಡಿದಿದ್ದಳು. ಹತ್ತಿರ ಬಂದ ಮೇಲೆ ಕಂಡಿತು, ಕುದುರೆ ಲಾಳ.

"ನಿಮಗೆಲ್ಲ ಗೊತ್ತಾಗುತ್ತೆ ಅಂತ ಅವ್ರು ಹೇಳಿದ್ರು" ಅಂದಳು ಅಕ್ಕ. "ಊರಿಗೆಲ್ಲ ಗೊತ್ತು, ಯಾರು ಬಂದು ಕೇಳಿದ್ರು ನೋಡು ಅಂತಿದ್ರು. ಆಮೇಲೆ ತಟ್ಟೆ ಬರೋದು. ಹೋದ ರಕ್ತಕ್ಕೆ ಸೊಪ್ಪು ಕಳಿಸ್ತಿದ್ದೀರ, ತಿಂದು ತಡ್ಕೋ ಅಂತಿದ್ದೀರ ಅಂದ್ಕೊಂಡೆ." ಅವಳು ನನ್ನ ಕಡೆ ತಿರುಗಿದಳು. ಒಂದು ಕಣ್ಣು ಮಾತ್ರ ತೆರೆದಿತ್ತು. "ನೀನೊಬ್ಬ ತಿರುಗಿ ಹೊಡೆಯೋಕೆ ಏನಾದ್ರೂ ಕಳಿಸ್ದೆ. ದಿಂಬಿನ ಕೆಳಗೆ ಇಟ್ಕೊಂಡಿದ್ದೆ. ಎತ್ತಕ್ಕೆ ಆಗ್ಲಿಲ್ಲ ಕಣಪ್ಪ."

ಮಾದಯ್ಯನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಕಾಮಿಡಿ ಮಾಡಲು ಕೊಟ್ಟದ್ದನ್ನು ಅವಳ ಕೈಯಿಂದ ಇಸಿದುಕೊಂಡೆ. ಬೆಚ್ಚಗಿತ್ತು.

ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸಿತು. ಡಾಕ್ಟರಮ್ಮ ಅದನ್ನು ಅತ್ತೆಗೂ ಕೇಳಿಸಿದರಂತೆ. ಅತ್ತೆ ಕಿವಿಯಿಂದ ಆ ನಳಿಗೆಯನ್ನು ತೆಗೆಯಲೇ ಇಲ್ಲ, ಕೊನೆಗೆ ನರ್ಸ್ ಬಂದು ಕಿತ್ತುಕೊಂಡಳು. ಪೊಲೀಸರು ಬಂದು ಬರೆದುಕೊಂಡು ಉಮಾಪತಿಯನ್ನು ಕರೆದುಕೊಂಡು ಹೋದರು. ಆಮೇಲೆ ಅವನ ಅಣ್ಣ ಹಣ್ಣಿನ ಬುಟ್ಟಿ ಹಿಡಿದುಕೊಂಡು ರಾಜಿಗೆ ಬಂದ. "ಗಿರಣಿ ಹೋಗಿ ತಲೆ ಕೆಟ್ಟಿತ್ತು ಅವನಿಗೆ. ಹೆಂಗಸರೇ ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು" ಅಂದ. ಅತ್ತೆ ಕೇಳಿದಳು, "ಗಿರಣಿ ಮುಚ್ಚಿದ ಸಾಹುಕಾರನಿಗೆ ಒಂದು ಏಟಾದ್ರೂ ಹಾಕಿದ್ನಾ ನಿನ್ನ ತಮ್ಮ?" ಬುಟ್ಟಿಯ ಸಮೇತ ಗಡಿಕಲ್ಲಿನವರೆಗೆ ನಾನೇ ಬಿಟ್ಟುಬಂದೆ.

ರತ್ನಮಾಲಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಹೊಲಿಗೆ ಮಿಷನ್ನು ಜಗಲಿಯಲ್ಲಿದೆ. ಮಾವನ ಫೋಟೋ ಇಳಿಸಲು ನಾನು ಸ್ಟೂಲ್ ಹಾಕಿಕೊಂಡಾಗ ಅತ್ತೆಯೇ ತಡೆದಳು. "ಇರ್ಲಿ ಬಿಡು, ಎದುರಿಗಿದ್ರೆ ಬೈಯಕ್ಕೆ ಸುಲಭ. ಹಾರ ಮಾತ್ರ ತೆಗಿ." ದಿನಾ ಬೆಳಗ್ಗೆ ಅವಳು ಅಡಿಗೆಮನೆಯಿಂದಲೇ ಅವನಿಗೆ ಏನಾದರೊಂದು ಹೇಳುತ್ತಾಳೆ, ಏಕವಚನದಲ್ಲಿ. ನನ್ನ ಡೈಲಾಗುಗಳು ಮಾತ್ರ ಹೋಗಿಬಿಟ್ಟಿವೆ. ಬಾಯಿ ತೆರೆದರೆ ಆ ದನಿ ಬರುತ್ತದೆ, ಮುಚ್ಚಿಕೊಳ್ಳುತ್ತೇನೆ. ಗಾಂಧಿ ಕ್ಲಾಸಿನಲ್ಲಿ ಹೀರೋ ತುಟಿ ಒರೆಸಿಕೊಂಡಾಗ ಎಲ್ಲರೂ ಎದ್ದು ಶಿಳ್ಳೆ ಹೊಡೆಯುತ್ತಾರೆ, ನಾನು ಟಾಯ್ಲೆಟ್ಟಿಗೆ ಎದ್ದು ಹೋಗುತ್ತೇನೆ.

ಬೀದಿಯ ಬಾಯಿ ಬಹಳ ದಿನ ಖಾಲಿಯಿತ್ತು. ಒಂದು ಬೆಳಗ್ಗೆ ಏನೋ ಬಂತು. ಸಪ್ಪೆ, ಅಂಟು, ಸ್ವಲ್ಪ ಸೀದ ವಾಸನೆ. ನಲ್ಲಿಯ ಹತ್ತಿರ ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ನಾಲಿಗೆ ಆಡಿಸಿದಳು. ಕಣ್ಣು ಮುಚ್ಚಲು ಹೋದವಳು ತಡೆದು, ಹಿಂದೆ ತಿರುಗಿ, ಬಿಂದಿಗೆ ಹಿಡಿದು ನಿಂತಿದ್ದ ರತ್ನಮಾಲಕ್ಕನನ್ನು ಕೇಳಿದಳು, "ನೀನೇ ಹೇಳವ್ವಾ. ಏನು ಬೇಕು ನಿಂಗೆ?"

ಬಸುರಿಯನ್ನೇ ಕೇಳುವುದು ನಮ್ಮ ಬೀದಿಯಲ್ಲಿ ಅದೇ ಮೊದಲು. ಅಕ್ಕ ನನ್ನ ಕಡೆ ನೋಡಿ, ನಾಚಿಕೊಂಡು, "ಇವನು ಹಿತ್ತಲಲ್ಲಿ ಕುದಿಸ್ತಾನಲ್ಲ, ಪೋಸ್ಟರ್ ಗೋಂದು" ಅಂದಳು. ಆವತ್ತು ಹಂಡೆ ತುಂಬ ಕುದಿಸಿದೆ, ಇಲಿಗೆಂದು ಹಾಕುವ ಮೈಲುತುತ್ತ ಬಿಟ್ಟು. ಇಡೀ ಬೀದಿ ಲೋಟ ಹಿಡಿದು ಬಂದು ನಿಂತಿತು. ಮಾದಯ್ಯ ಎರಡು ಲೋಟ ಕುಡಿದು, "ಇನ್ಮೇಲೆ ನನ್ನ ಗೋಡೆಗೆ ಅಂಟಿಸಿದ್ರೂ ಬೀಳಲ್ಲ ಬಿಡು" ಅಂದ. ಅಕ್ಕ ನಕ್ಕಳು. ನಗುವಾಗ ತುಟಿಯ ಹೊಲಿಗೆಯ ಗುರುತು ಎಳೆದುಕೊಂಡಿತು.

ನಿನ್ನೆ ಸಂಜೆ ಹಿಂದಿನ ಬೀದಿಯಿಂದ ಒಬ್ಬಳು ನಡುವಯಸ್ಸಿನ ಹೆಂಗಸು ಬಂದಳು. ಬಾಗಿಲಲ್ಲಿ ನಿಂತು ಖುಷಿಯಿಂದ ಕೇಳಿದಳು, "ದೇ‌ವೀರಮ್ಮ, ಒಂದಚ್ಚು ಬೆಲ್ಲ ಇದ್ರೆ ಕೊಡ್ರಿ. ನಮ್ಮ ಬೀದೀಲಿ ಹೊಸ ಸೊಸೆಗೆ ಕಬ್ಬಿಣದ ಬಯಕೆ."

ಮಿಷನ್ ನಿಂತಿತು. ಅತ್ತೆ ಎದ್ದಳು. ಬೆಲ್ಲದ ಡಬ್ಬಿಯ ಕಡೆ ಹೋಗಲಿಲ್ಲ, ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡಳು. ರತ್ನಮಾಲಕ್ಕ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಮೇಲೆದ್ದು, "ನಾನೂ ಬರ್ತೀನಿ" ಅಂದಳು.

"ಎಲ್ಲಿಗ್ರೀ? ಬೆಲ್ಲ?" ಬಂದವಳಿಗೆ ಏನೂ ಅರ್ಥವಾಗಲಿಲ್ಲ.

"ತುಟಿ ಕಚ್ಕೊಳ್ಳೋದು ದಾರೀಲಿ ಹೇಳ್ಕೊಡ್ತೀನಿ, ನಡಿಯವ್ವಾ" ಅಂದಳು ಅತ್ತೆ. ನಾನು ಲಾಳ ಜೇಬಿಗೆ ಹಾಕಿಕೊಂಡು ಹಿಂದೆ ಹೊರಟೆ. ಆ ಬೀದಿಯ ಗಡಿಕಲ್ಲು ದಾಟಿದ ಕೂಡಲೇ ನಾಲ್ವರ ಬಾಯಿಗೂ ಒಟ್ಟಿಗೆ ಆ ರುಚಿ ಬಂತು.